ಚುನಾವಣೆ ಇಲ್ಲದ ದಿನಗಳಲ್ಲಿ

ಸಾಯುವ ಮೊದಲು ನನ್ನ ಗಂಡ ಏನೋ ಹೇಳಿದ. ನನಗೆ ಕೇಳಿಸಲಿಲ್ಲ. ತುಟಿ ಆಡಿದ್ದು ಮಾತ್ರ ಕಂಡಿತು. ಒಮ್ಮೆ ಅಲ್ಲ, ಮತ್ತೆ ಮತ್ತೆ, ಅದೇ ರೀತಿ. ನಾನು ತಲೆ ಆಡಿಸಿದೆ. ಅವನು ಕಣ್ಣು ಮುಚ್ಚಿದ. ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಇದ್ದವಳು ತಂಗೆವ್ವ ಒಬ್ಬಳೇ. ಬಣ್ಣಗಾರರ ಓಣಿಯ ಮುದುಕಿ. ಕಾಮಾಲೆಗೆಂದು ಸೊಪ್ಪು ಅರೆದು ತಂದಿದ್ದಳು. ಅವಳಿಗೆ ಕೇಳಿಸಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ನೋಡಿ ಅದು ನನಗೆ ಗೊತ್ತಾಯಿತು.

ಈ ಊರಿನಲ್ಲಿ ಒಬ್ಬರು ಒಂದು ಋತು ಪೂರ್ತಿ ನಿಮ್ಮೆದುರು ಕೂತು ಮಾತಾಡದಿದ್ದರೆ ಅವರ ಮಾತು ನಿಮಗೆ ಕೇಳಿಸುವುದು ನಿಂತುಹೋಗುತ್ತದೆ. ಕೆಮ್ಮು ಕೇಳಿಸುತ್ತದೆ, ನಗು ಕೇಳಿಸುತ್ತದೆ, ಬಳೆ ಸದ್ದು, ಚಪ್ಪಲಿ ಸದ್ದು ಕೇಳಿಸುತ್ತದೆ. ಮಾತು ಇಲ್ಲ. ಮತ್ತೆ ಕೇಳಿಸಬೇಕಾದರೆ ಮತ್ತೆ ಎದುರು ಕೂರಬೇಕು, ದಿನವೂ, ತಿಂಗಳುಗಟ್ಟಲೆ, ಏನೂ ಕೇಳಿಸದೆ. ಬಾಣಂತನಕ್ಕೆ ಬಂದ ಮಗಳು ತಾಯಿಯ ಬಾಯಿಯನ್ನೇ ನೋಡುತ್ತ ಕೂರುತ್ತಾಳೆ. ಬೇಸಿಗೆ ರಜೆ ಉದ್ದವಾದ ವರ್ಷ ಮಾಸ್ತರರು ಬೋರ್ಡಿನ ಮೇಲೆ ಬರೆದೇ ಪಾಠ ಮಾಡುತ್ತಾರೆ. ಅಂಗಡಿಯಲ್ಲಿ ಬೇಕಾದದ್ದನ್ನು ಕೈ ಮಾಡಿ ತೋರಿಸುತ್ತೇವೆ. ಆಸ್ತಿ ಹಂಚಿಕೊಂಡ ಅಣ್ಣತಮ್ಮಂದಿರಿಗೆ ಜಗಳ ಮುಂದುವರಿಸಲೂ ಆಗುವುದಿಲ್ಲ. ಊರಿನ ಹೆಂಗಸರು ನೀರು ಇರಲಿ, ಇಲ್ಲದಿರಲಿ, ಹೊತ್ತಿಗೆ ಸರಿಯಾಗಿ ನಲ್ಲಿಯ ಹತ್ತಿರ ಹೋಗಿ ನಿಲ್ಲುತ್ತಾರೆ.

ನಾನು ಮದುವೆಯಾಗಿ ಬಂದವಳು. ಬಂದ ವರ್ಷ ಎಲ್ಲರ ಮಾತೂ ಕೇಳಿಸುತ್ತಿತ್ತು. ಎರಡನೆಯ ಮಳೆಗಾಲದ ಹೊತ್ತಿಗೆ ನಾನೂ ಊರಿನವಳಾದೆ. ಅದು ಅಂಟಿದ ಮೇಲೆ ಬೇರೆ ಊರಿಗೆ ಹೋದರೂ ಬಿಡುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿದ್ದೆ. ದೂರಶಿಕ್ಷಣದವರು ಅಂಚೆಯಲ್ಲಿ ಕಳಿಸುವ ಉತ್ತರಪತ್ರಿಕೆಗಳನ್ನು ತಿದ್ದಿ ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ಅದಕ್ಕೆ ಯಾರ ಜೊತೆಗೂ ಮಾತಾಡಬೇಕಾಗಿರಲಿಲ್ಲ.

ನನ್ನ ಗಂಡ ಬಾಳೇಶನ ಕೆಲಸವೇ ಮಾತು. ಅವನು ಗಡಿಗೆ ಪಕ್ಷದವನು. ಮತಪತ್ರದ ಮೇಲೆ ಗಡಿಗೆಯ ಚಿತ್ರ ಇರುತ್ತದೆ, ಅದಕ್ಕೆ ಆ ಹೆಸರು. ಇನ್ನೊಂದು ಕುದುರೆ ಪಕ್ಷ. ಬೇರೆ ಊರುಗಳಲ್ಲಿ ಪಕ್ಷದವರು ಚುನಾವಣೆಗೆ ಬರುತ್ತಾರೆ, ಮೈಕು ಕಟ್ಟುತ್ತಾರೆ, ಹೋಗುತ್ತಾರೆ. ಇಲ್ಲಿ ಹಾಗೆ ಬಂದವರ ಮಾತು ಯಾರಿಗೂ ಕೇಳಿಸುವುದಿಲ್ಲ. ಮೈಕು ಕೀಚ್ ಎನ್ನುವುದು ಕೇಳಿಸುತ್ತದೆ, ಅಷ್ಟೇ. ಕರಪತ್ರ ಹಂಚಿದರೆ ಶೇಂಗಾ ಕಟ್ಟಲು ಬರುತ್ತದೆ. ಬಾಳೇಶ ವರ್ಷವಿಡೀ ಓಣಿಯಿಂದ ಓಣಿಗೆ ನಡೆದ. ಒಂದೊಂದು ಕಟ್ಟೆಯ ಮೇಲೆ ಕೂತ. ಪಕ್ಷದ ಮಾತು ಅಪರೂಪಕ್ಕೆ. ಗಟಾರ, ರೇಷನ್ನು, ಯಾರದೋ ನಿಂತ ಪಿಂಚಣಿ, ಯಾರದೋ ಎಮ್ಮೆ. ಚುನಾವಣೆ ಬಂದಾಗ ಅಭ್ಯರ್ಥಿಯ ಪಕ್ಕದಲ್ಲಿ ಲಾರಿಯ ಮೇಲೆ ನಿಂತು ಅವರು ಹೇಳಿದ್ದನ್ನು ತನ್ನ ಬಾಯಿಂದ ಹೇಳಿದ. ಅವನದು ಮಾತ್ರ ಕೇಳಿಸಿತು. ಆ ಸಲ ಗಡಿಗೆ ಗೆದ್ದಿತು.

ಕುದುರೆ ಪಕ್ಷದವರು ಅವನನ್ನು ನೋಡಿ ಕಲಿತರು. ಗೆದ್ದ ಪಕ್ಷದ ಮೆರವಣಿಗೆ ಮುಗಿಯುವ ಮೊದಲೇ ಅವರು ಊರಿನಲ್ಲಿ ಒಂದೊಂದು ಕಟ್ಟೆಗೆ ಒಬ್ಬೊಬ್ಬನನ್ನು ಕೂರಿಸಿದರು. ಅವರಿಗೆ ತಿಂಗಳ ಸಂಬಳ. ಕೆಲಸ ಇಷ್ಟೇ, ಕೂರುವುದು, ಮಾತಾಡುವುದು. ನಮ್ಮ ಪಕ್ಷದವರು ಇನ್ನೂ ದೊಡ್ಡ ಸ್ಪೀಕರು ಕೊಂಡರು.

ಬಾಳೇಶ ಜಿಲ್ಲಾ ಕಚೇರಿಗೆ ಹೋಗಿ ಬರುತ್ತಿದ್ದ. ಓಣಿಗೊಬ್ಬರು ಬೇಕು, ವರ್ಷವಿಡೀ ಬೇಕು, ಅವರ ಹೊಟ್ಟೆಗಾಗುವಷ್ಟು ಕೊಡಿ ಎಂದು ಕೇಳುತ್ತಿದ್ದ. ಜಿಲ್ಲಾಧ್ಯಕ್ಷರು ರುದ್ರಗೌಡರು. ಚುನಾವಣೆ ಬರಲಿ ಎನ್ನುತ್ತಿದ್ದರು. ಹಾಗಾಗಿ ಇಡೀ ಊರನ್ನು ಅವನು ಒಬ್ಬನೇ ನಡೆದ. ಬೆಳಕು ಹರಿಯುವ ಮೊದಲು ಹೋಗುತ್ತಿದ್ದ. ನಾನು ಮಲಗಿದ ಮೇಲೆ ಬಂದು ಮುಚ್ಚಿಟ್ಟ ತಟ್ಟೆ ತೆಗೆದು ಉಣ್ಣುತ್ತಿದ್ದ. ಎದ್ದಿದ್ದರೂ ಗಂಟಲು ತೋರಿಸಿ ಕೈಸನ್ನೆ ಮಾಡುತ್ತಿದ್ದ. ಮಾತನ್ನು ನಾಳೆಗೆಂದು ಉಳಿಸಿಕೊಳ್ಳುತ್ತಿದ್ದಾನೆ ಎಂದು ನನಗೆ ತಿಳಿಯುತ್ತಿತ್ತು. ಅಂಗಿಯ ತೋಳಿಗೆ ನೀಲಿ ಕಲೆ ಇರುತ್ತಿತ್ತು. ಬಣ್ಣಗಾರರ ಓಣಿಗೆ ಅವನು ಹೆಚ್ಚು ಹೋಗುತ್ತಿದ್ದ. ಒಗೆದರೆ ಹೋಗುವ ಕಲೆ ಅಲ್ಲ ಅದು.

ಒಂದು ದಿನ ಅವನು ಬಾಗಿಲಲ್ಲಿ ನಿಂತು ಏನೋ ಕೇಳಿದ. ದನಿ ಇರಲಿಲ್ಲ. ಗಂಟಲು ಕಟ್ಟಿದೆ ಎಂದುಕೊಂಡೆ. ಮಜ್ಜಿಗೆ ತಂದುಕೊಟ್ಟೆ. ಅವನು ಕುಡಿದು ಹೋದ. ಆಮೇಲೆ ಕಣ್ಣು ಹಳದಿಯಾಯಿತು. ಹಾಸಿಗೆ ಹಿಡಿದ. ಆಗಲೂ ನಡೆಯಬೇಕೆಂದು ಏಳುತ್ತಿದ್ದ. ಹಿಡಿದು ಮಲಗಿಸುತ್ತಿದ್ದೆ.

ಹೆಣಕ್ಕೆ ಪಕ್ಷದವರು ಹಾರ ಹಾಕಿದರು. ತೋಳಿನಷ್ಟು ದಪ್ಪ ಇತ್ತು.

ಮೂರನೆಯ ದಿನ ತಂಗೆವ್ವ ಬಂದಳು. ನನ್ನ ಎದುರು ಕೂತು ಕೈ ಹಿಡಿದು ಹೇಳತೊಡಗಿದಳು. ಮೊಳಕೈವರೆಗೂ ನೀಲಿ ಕೈ. ಅವನ ಮಾತನ್ನೇ ಹೇಳುತ್ತಿದ್ದಾಳೆಂದು ಗೊತ್ತಿತ್ತು. ನಾನು ಆ ಓಣಿಗೆ ಹೋದವಳಲ್ಲ, ಅವಳ ಜೊತೆ ಯಾವತ್ತೂ ಕೂತವಳಲ್ಲ. ಬಾಯಿ ಆಡಿತು, ನಿಂತಿತು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಬೇರೆ ಯಾರಿಂದಲಾದರೂ ಹೇಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಲ್ಲಿ ಸಾಮಾನ್ಯ ಮಾತನ್ನು ಹಾಗೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಸತ್ತವರ ಕಡೆಯ ಮಾತನ್ನು ಮಾತ್ರ ದಾಟಿಸುವುದಿಲ್ಲ. ಕೇಳಿದವರೇ ಹೇಳಬೇಕು. ಮೂರನೆಯ ಬಾಯಿಗೆ ಹಾಕಿದರೆ ಅದು ಸತ್ತವರದಾಗಿ ಉಳಿಯುವುದಿಲ್ಲ ಎನ್ನುತ್ತಾರೆ. ಊರಿನಲ್ಲಿ ಯಾರೂ ಅದನ್ನು ಮುರಿದಿಲ್ಲ.

ನಾನು ಬಾಗಿಲು ಹಾಕಿಕೊಂಡೆ. ಉತ್ತರಪತ್ರಿಕೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಮಳೆ ನಿಂತಿತು. ಚಳಿ ಬಂತು. ಆ ದಿನಗಳ ಬಗ್ಗೆ ಬರೆಯಲು ಏನೂ ಇಲ್ಲ.

ಒಬ್ಬನ ದನಿ ನನಗೆ ಉಳಿದಿತ್ತು. ಪಕ್ಷದ ಜಿಲ್ಲಾ ಕಚೇರಿಯ ಮಾನಪ್ಪನದು. ಬಾಳೇಶ ಇದ್ದಾಗ ತಿಂಗಳಿಗೊಮ್ಮೆ ಬಂದು ನಮ್ಮಲ್ಲಿ ಊಟ ಮಾಡಿ ಹೋಗುತ್ತಿದ್ದ. ಬಾಳೇಶ ಹೋದ ಮೇಲೂ ಬರುತ್ತಿದ್ದ. ಚಹಾ ಕುಡಿದು, ಜಿಲ್ಲೆಯ ಬಿಸಿಲಿನ ಬಗ್ಗೆ ಎರಡು ಮಾತಾಡಿ ಏಳುತ್ತಿದ್ದ. ಚಳಿಗಾಲದಲ್ಲಿ ಒಂದು ದಿನ ಬಂದವನು ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಕೂತ.

"ವೈನಿ, ಚುನಾವಣಿ ಬಂತು. ಸಾಹೇಬ್ರು ನಿಮ್ಮನ್ನ ಸ್ಟೇಜ್ ಮ್ಯಾಲೆ ಕರದಾರ."

"ಯಾಕ?"

"ಮಾತಾಡಾಕ."

"ನಾನು ಮಾತಾಡಿದ್ರ ಯಾರಿಗೆ ಕೇಳಸ್ತೈತಿ, ಮಾನಪ್ಪ? ಬಾಗಿಲಾ ತಗದು ಹೊರಗ ಹೋಗಿಲ್ಲ ನಾನು."

"ನಾನೂ ಅದನ್ನ ಹೇಳಿದೆ. ಸಾಹೇಬ್ರು ಏನಂತಾರ, ಬಾಳಣ್ಣನ ದನಿ ಇಡೀ ಊರಿಗೆ ಕೇಳಸ್ತಿತ್ತು, ಆತನ ಹೆಂಡ್ತಿದು ಕೇಳಸೂದಿಲ್ಲೇನು ಅಂತಾರ."

"ದನಿ ಅಂದ್ರ ಹೊಲ ಏನು, ಗಂಡ ಸತ್ತ ಮ್ಯಾಲೆ ಹೆಂಡ್ತಿ ಹೆಸರಿಗೆ ಆಗಾಕ?"

ಮಾನಪ್ಪನಿಗೆ ನಗು ಬಂತು. ತಕ್ಷಣ ಮುಖ ಗಂಭೀರ ಮಾಡಿಕೊಂಡ. "ಸಾಹೇಬ್ರು ಈ ಊರಾಗ ಉಳದವರಲ್ಲ ವೈನಿ. ಅವರಿಗೆ ತಿಳಿಯೂದಿಲ್ಲ. ನೀವು ಸುಮ್ಮನ ಬಂದು ನಿಂದರ್ರಿ, ಸಾಕು. ಜನ ನೋಡ್ತಾರ."

ನಾನು ಬರುವುದಿಲ್ಲ ಎಂದೆ. ಅವನು ಚಹಾ ಮುಗಿಸಿ ಎದ್ದ. ಚಪ್ಪಲಿ ಮೆಟ್ಟಿಕೊಳ್ಳುತ್ತ, ನನಗೆಂದು ಅಲ್ಲ, ತನಗೇ ಹೇಳಿಕೊಳ್ಳುವಂತೆ ಹೇಳಿದ. "ಈ ಸಲ ಕುದುರಿಯವರು ಬಂದ್ರ ಬಣ್ಣಗಾರರ ಓಣಿ ಉಳಿಯಂಗಿಲ್ಲ. ಬಸ್ ಸ್ಟ್ಯಾಂಡ್ ಮಾಡ್ತಾರಂತ. ಹೊಳಿ ಆಚೆ, ಗಡಿ ಕಡೆ ಬಯಲಾಗ ಒಯ್ದು ಹಾಕ್ತಾರಂತ ಅವರನ್ನ. ಬಸ್ಸಿಲ್ಲ, ರಸ್ತಾ ಇಲ್ಲ. ಬಾಳಣ್ಣ ಅದಕ್ಕ ಅಷ್ಟು ಓಡಾಡಿದ್ದು."

"ತಂಗೆವ್ವನ್ನೂ ಒಯ್ತಾರೇನು?"

"ಯಾವ ತಂಗೆವ್ವ?"

 ಬಾಳೇಶನ ಕಡೆಯ ಮಾತು ಒಬ್ಬ ಮುದುಕಿಯ ಬಾಯಲ್ಲಿ ಇದೆ, ಆ ಮುದುಕಿಯನ್ನು ಹೊಳೆಯಾಚೆ ಸಾಗಿಸುತ್ತಾರೆ ಎಂದಷ್ಟೇ ಯೋಚಿಸಿದೆ. ಬಹಳ ದಿನದ ಮೇಲೆ ಏನೋ ಒಂದು ಬೇಕೆನಿಸಿತು. "ಬರ್ತೀನಿ ಅಂತ ಹೇಳ್ರಿ," ಎಂದೆ.

ಸಭೆ ಸಂತೆ ಬಯಲಿನಲ್ಲಿ ನಡೆಯಿತು. ವೇದಿಕೆಯ ಮೇಲೆ ಬಾಳೇಶನ ಫೋಟೋ ಇತ್ತು, ಅದಕ್ಕೂ ಹಾರ. ನನಗೆ ಬಿಳಿ ಸೀರೆ ಕಳಿಸಿದ್ದರು. ನಾನು ಉಟ್ಟಿರಲಿಲ್ಲ. ರುದ್ರಗೌಡರು ಮೊದಲು ಮಾತಾಡಿದರು. ಜನ ಮರ್ಯಾದೆಯಿಂದ ಅವರ ಬಾಯಿ ನೋಡಿದರು. ಮಕ್ಕಳು ಮೈಕಿನ ಕೀಚ್ ಸದ್ದಿಗೆ ಕಿವಿ ಮುಚ್ಚಿಕೊಂಡು ನಕ್ಕರು. ನಾನು ಎದ್ದು ನಿಂತೆ. ಓಣಿಯ ಬಗ್ಗೆ ಮಾತಾಡಿದೆ. ಬಣ್ಣಗಾರರು ಬಾವಿಗೆ ವಿಷ ಬಿಡುತ್ತಾರೆಂದು ಕುದುರೆಯವರು ಹೇಳುವುದು ಸುಳ್ಳು, ಬಣ್ಣದ ನೀರು ಬಾವಿಯ ಕಡೆ ಹರಿಯುವುದೇ ಇಲ್ಲ, ಹೋಗಿ ನೋಡಿ ಎಂದೆ. ಅವರ ಓಣಿ ಹೋದರೆ ನಿಮ್ಮ ಓಣಿ ಉಳಿಯುತ್ತದೆಂದು ಯಾರು ಹೇಳಿದರು ಎಂದೆ. ಚೆನ್ನಾಗಿಯೇ ಮಾತಾಡಿದೆ ಅನಿಸುತ್ತದೆ. ನನ್ನ ದನಿ ನನಗೆ ಕೇಳಿಸುತ್ತಿತ್ತು. ಜನರ ಮುಖ ಮಾತ್ರ ಗೌಡರು ಮಾತಾಡುವಾಗ ಹೇಗಿತ್ತೋ ಹಾಗೆಯೇ ಇತ್ತು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಅದು ನನ್ನ ಕುಂಕುಮವಿಲ್ಲದ ಹಣೆ ನೋಡಿ.

ಗೌಡರು ಕೈ ಮಾಡಿದರು. ಯಾರೋ ಕ್ಯಾಸೆಟ್ಟು ಹಾಕಿದರು. ಹಿಂದಿನ ಚುನಾವಣೆಯ ಬಾಳೇಶನ ಭಾಷಣ. ನನಗೆ ಹೇಳಿರಲಿಲ್ಲ. ಜನ ಮುಂದಕ್ಕೆ ಬಾಗಿದರು. ಸ್ಪೀಕರಿನಿಂದ ಟೇಪು ಉಜ್ಜುವ ಸದ್ದು ಬಂತು, ನಡುವೆ ಅವನು ಕೆಮ್ಮಿದ್ದು ಬಂತು. ಅಷ್ಟೇ. ಅವನು ಸತ್ತು ಋತು ಕಳೆದಿತ್ತು. ಆ ಊರಿನಲ್ಲಿ ಅವನ ದನಿ ಯಾರಿಗೂ ಉಳಿದಿಲ್ಲ ಎನ್ನುವುದು ಎಲ್ಲರಿಗೂ ಒಟ್ಟಿಗೆ ತಿಳಿಯಿತು. ಯಾರೂ ಅಲುಗಾಡಲಿಲ್ಲ.

ಆಗ ಕುದುರೆ ಪಕ್ಷದವರು ಸಂಬಳಕ್ಕೆ ಕೂರಿಸಿದ್ದ ಕಲ್ಮೇಶ ಕಟ್ಟೆಯ ಮೇಲಿಂದ ಏನೋ ಒಂದು ಅಂದ. ಎಲೆ ಅಡಿಕೆ ಜಗಿಯುತ್ತ, ದನಿ ಎತ್ತದೆ, ಕೂತಲ್ಲಿಂದಲೇ. ಬಯಲೆಲ್ಲ ನಕ್ಕಿತು. ನನಗೆ ನಗು ಕೇಳಿಸಿತು. ಅವನು ಏನೆಂದ ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಹಿಂದುಗಡೆ ಬಣ್ಣಗಾರರು ನಿಂತಿದ್ದರು. ಅವರಲ್ಲಿ ತಂಗೆವ್ವ ನೀಲಿ ಕೈ ಎತ್ತಿ ನನ್ನ ಕಡೆ ಏನೋ ಕೂಗುತ್ತಿದ್ದಳು. ಅವಳ ಸುತ್ತ ಇದ್ದ ಓಣಿಯವರು ತಲೆ ತಗ್ಗಿಸಿದರು. ಊರಿನವರು ಹಿಂತಿರುಗಿಯೂ ನೋಡಲಿಲ್ಲ. ಆ ಓಣಿಯವರ ಮಾತು ಊರಿಗೆ ಯಾವತ್ತೂ ಕೇಳಿಸಿದ್ದಿಲ್ಲ. ಅವರೆದುರು ಯಾರೂ ಕೂರುತ್ತಿರಲಿಲ್ಲ. ಪುರಸಭೆಯಲ್ಲಿ ಅವರ ಹಿರಿಯರು ಎದ್ದು ನಿಂತರೆ ಬಾಯಿ ಆಡುತ್ತಿತ್ತು, ಸದಸ್ಯರು ಗಡಿಯಾರ ನೋಡುತ್ತಿದ್ದರು. ಬಾಳೇಶ ಒಬ್ಬನೇ ಅವರ ಮಾತನ್ನು ಹೊತ್ತು ತಂದು ಈ ಕಡೆ ಹೇಳುತ್ತಿದ್ದ.

ಮರುದಿನ ನಾನು ಮಾನಪ್ಪನ ಜೊತೆ ಜಿಲ್ಲಾ ಕಚೇರಿಗೆ ಹೋದೆ. ಗೌಡರಿಗೆ ನನ್ನ ಮಾತು ಕೇಳಿಸುತ್ತದೆ, ಅವರು ಹೊರಗಿನವರು. ಅವರ ಮಾತು ನನಗೆ ಕೇಳಿಸುವುದಿಲ್ಲ. ಮಾನಪ್ಪ ನಡುವೆ ನಿಂತ. ನಾನು ಬಾಳೇಶ ಕೇಳಿದ್ದನ್ನೇ ಕೇಳಿದೆ. ಓಣಿಗೊಬ್ಬರು, ವರ್ಷವಿಡೀ. ಒಂದು ತಿಂಗಳಲ್ಲಿ ಸ್ಪೀಕರು, ಲಾರಿ, ಬ್ಯಾನರಿಗೆ ಸುರಿಯುವುದನ್ನು ಐದು ವರ್ಷಕ್ಕೆ ಹರಡಿ ಎಂದೆ. ಓದಿದವಳಲ್ಲವೇ, ನಕ್ಷೆ ಬರೆದುಕೊಂಡು ಹೋಗಿದ್ದೆ. ಯಾವ ಕಟ್ಟೆ, ಯಾವ ನಲ್ಲಿ, ಯಾವ ಹೊತ್ತಿಗೆ ಎಲ್ಲಿ ಜನ ಸೇರುತ್ತಾರೆ. ಗೌಡರು ನಕ್ಷೆಯನ್ನು ಮೇಜಿನ ಮೇಲೆ ಹರಡಿ ಬೆರಳಾಡಿಸಿದರು. ಬಹಳ ಹೊತ್ತು ಮಾತಾಡಿದರು.

"ಭಾಳ ಛಲೋ ಐತಿ ಅಂತಾರ," ಎಂದ ಮಾನಪ್ಪ.

"ಅಷ್ಟ ಅಂದ್ರೇನು? ಇಷ್ಟೊತ್ತು ಮಾತಾಡಿದ್ರು."

"ಉಳದದ್ದು ಅವರು ಸಣ್ಣವರಿದ್ದಾಗಿನ ಮಾತು ವೈನಿ. ಚುನಾವಣಿ ಆಗ್ಲಿ, ಆಮ್ಯಾಲೆ ನೋಡೂಣು ಅಂತಾರ."

"ಸೋತ್ರ?"

ಮಾನಪ್ಪ ಗೌಡರ ಕಡೆ ನೋಡಿದ. ಗೌಡರು ಒಂದೇ ಮಾತಿನಲ್ಲಿ ಮುಗಿಸಿದರು.

"ಸೋತ ಊರಿಗೆ ಯಾರರ ರೊಕ್ಕಾ ಹಾಕ್ತಾರೇನು ಅಂತಾರ."

"ಗೆದ್ರ?"

ಗೌಡರು ನಕ್ಕರು. ಮಾನಪ್ಪ ನೆಲ ನೋಡಿದ. "ಗೆದ್ದ ಊರಿಗೆ ಯಾಕ ಬೇಕು ಅಂತಾರ."

ಹೊರಡುವಾಗ ಗೌಡರು ನನಗೆ ಶಾಲು ಹೊದಿಸಿದರು. ಫೋಟೋ ತೆಗೆದರು.

ಆ ಶಾಲನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಬಣ್ಣಗಾರರ ಓಣಿಗೆ ಹೋದೆ. ತಂಗೆವ್ವನ ಮನೆಯ ಮುಂದಿನ ಕಟ್ಟೆ ಹಸಿಯಾಗಿತ್ತು. ಶಾಲು ಹಾಸಿ ಕೂತೆ. ಅವಳು ಹಂಡೆಯಲ್ಲಿ ನೂಲು ತಿರುವುತ್ತಿದ್ದಳು. ನನ್ನನ್ನು ನೋಡಿ ಕೋಲು ಬಿಟ್ಟು ಬಂದಳು. ಬಾಯಿ ಆಡಿತು. ನಾನು ಕಿವಿ ಮುಟ್ಟಿ ತೋರಿಸಿದೆ. ಅವಳು ಹಣೆ ಚಚ್ಚಿಕೊಂಡು, ಮತ್ತೆ ಹೋಗಿ ಕೋಲು ಹಿಡಿದಳು. ತಿರುವುತ್ತ ತಿರುವುತ್ತ ಮಾತಾಡುತ್ತಲೇ ಇದ್ದಳು.

ದಿನವೂ ಹೋದೆ. ನಾನೂ ಮಾತಾಡಬೇಕಿತ್ತು, ಇಲ್ಲದಿದ್ದರೆ ಅದು ಕೂತಂತೆ ಆಗುವುದಿಲ್ಲ. ಏನು ಮಾತಾಡುವುದು? ಮೊದಲ ಕೆಲವು ದಿನ ಉತ್ತರಪತ್ರಿಕೆ ಒಯ್ದು ಗಟ್ಟಿಯಾಗಿ ಓದಿದೆ. ಪ್ರಜಾಪ್ರಭುತ್ವದ ಲಕ್ಷಣಗಳನ್ನು ವಿವರಿಸಿ. ತಂಗೆವ್ವ ನನ್ನ ಬಾಯಿ ನೋಡುತ್ತ ಗಂಭೀರವಾಗಿ ತಲೆ ತೂಗಿದಳು. ಆಮೇಲೆ ಓದುವುದು ಬಿಟ್ಟು ಮನೆಯ ಮಾತು ಆಡಿದೆ. ಇವತ್ತು ಒಲೆ ಹೊತ್ತಲಿಲ್ಲ ಎಂದೆ. ಅವನ ಅಂಗಿಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ ಎಂದೆ. ಕೇಳಿಸದವರ ಎದುರು ಅದನ್ನೆಲ್ಲ ಹೇಳುವುದು ಸುಲಭ. ಓಣಿಯ ಬೇರೆ ಹೆಂಗಸರೂ ಬಂದು ಕೂರತೊಡಗಿದರು. ನನ್ನ ಸೀರೆಗೂ ನೀಲಿ ಹತ್ತಿತು.

ಚುನಾವಣೆ ನಡೆಯಿತು. ಸೋತೆವು. ಆ ದಿನವೇ ಗೌಡರ ಲಾರಿಗಳು ಸ್ಪೀಕರು ಬಿಚ್ಚಿಕೊಂಡು ಹೋದವು. ಮರುದಿನ ಬೆಳಿಗ್ಗೆ ನಾನು ಓಣಿಗೆ ಹೋಗುವಾಗ ನೋಡಿದೆ. ಕುದುರೆಯವರು ಎಂದಿನಂತೆ ತಮ್ಮ ತಮ್ಮ ಕಟ್ಟೆಗಳ ಮೇಲೆ ಕೂತಿದ್ದರು. ಗೆದ್ದ ಗುಲಾಲು ಇನ್ನೂ ಕಿವಿಯ ಹಿಂದೆ ಇತ್ತು. ಒಬ್ಬ ಯಾವುದೋ ಮುದುಕನ ಕನ್ನಡಕದ ಕಡ್ಡಿ ಸರಿಮಾಡಿ ಕೊಡುತ್ತ ಮಾತಾಡುತ್ತಿದ್ದ.

ಮಾನಪ್ಪ ಒಮ್ಮೆ ಬಂದ. ಮನೆಗೆ ಬೀಗ ಇದ್ದದ್ದು ನೋಡಿ ಹುಡುಕಿಕೊಂಡು ಓಣಿಗೇ ಬಂದ. ನನ್ನ ಪಕ್ಕ ಕೂತು ಸುತ್ತ ನೋಡಿದ. ಹೆಂಗಸರು ಅವನ ಬಿಳಿ ಅಂಗಿ ತೋರಿಸಿ ನಕ್ಕರು.

"ಇನ್ನ ಯಾಕ ವೈನಿ? ಎಲ್ಲಾ ಮುಗೀತಲ್ಲ."

"ನಾನು ಚುನಾವಣಿಗೆ ಬಂದಿಲ್ಲ, ಮಾನಪ್ಪ."

"ಬಾಳಣ್ಣನೂ ಹಿಂಗ ಅಂತಿದ್ದ. ನಾನು ಚ್ಯಾಷ್ಟಿ ಮಾಡ್ತಿದ್ದೆ." ಎದುರಿನ ಹಂಡೆಗಳ ಕಡೆ ನೋಡಿದ. "ಆತ ಒಬ್ಬಾತ ಇದ್ದ. ಅಂಥವರನ್ನ ಹತ್ತು ಮಂದಿ ಇಟ್ಟಿದ್ರ ಇವತ್ತ ಈ ಓಣಿ..." ಎಂದು ಎದ್ದ. ಅಂಗಿಯ ಹಿಂಬದಿಗೆ ಕಟ್ಟೆಯ ನೀಲಿ ಮೆತ್ತಿತ್ತು. ಅವನಿಗೆ ಹೇಳಲಿಲ್ಲ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಹಂಡೆಯ ಹಬೆಯ ಆಚೆಯಿಂದ, "ನೀರು" ಎಂದು ಕೇಳಿಸಿತು. ಬಾವಿಯ ತಳದಿಂದ ಬಂದ ಹಾಗೆ. ನಾನು ಎದ್ದು ನಿಂತೆ. ಅವಳು ಗಾಬರಿಯಾಗಿ ನೋಡಿದಳು. ಮತ್ತೆ ಏನೋ ಹೇಳಿದಳು, ಅದು ಕೇಳಿಸಲಿಲ್ಲ. ಆಮೇಲೆ "ಕಾದಾವು" ಎಂದು ಕೇಳಿಸಿತು. ನೀರು ಕಾದಿದೆ ಎನ್ನುತ್ತಿದ್ದಳು. ಬರುವವರ, ಹೋಗುವವರ ಕೈಗೆ ನೀರು ಕಾಸಿ ಕೊಡುವುದು ಅವಳ ಪದ್ಧತಿ. ನಾನು ಕೈ ತೊಳೆದುಕೊಂಡೆ. ಕೇಳಬೇಕೆನಿಸಿತು, ಕೇಳಲಿಲ್ಲ. ನಡುನಡುವೆ ಶಬ್ದಗಳು ಬಿಟ್ಟುಹೋಗುತ್ತಿದ್ದವು. ಅವನ ಮಾತಿನಲ್ಲಿ ಒಂದು ಶಬ್ದವೂ ಬಿಟ್ಟುಹೋಗುವುದು ನನಗೆ ಬೇಡವಾಗಿತ್ತು. ಪೂರ್ತಿ ಕೇಳಿಸಲಿ ಎಂದು ಕಾದೆ.

ಕಾಯಲು ಬಿಡಲಿಲ್ಲ. ಮಳೆಗಾಲಕ್ಕೆ ಮೊದಲೇ ನೆಲ ಸಮ ಮಾಡಬೇಕೆಂದು ಪುರಸಭೆಯವರು ಯಂತ್ರ ತಂದರು. ಓಣಿಯ ಹಿರಿಯರು ಅಧಿಕಾರಿಯ ಎದುರು ನಿಂತು ಕೈಮುಗಿದು ಮಾತಾಡಿದರು. ಅವನು ಬೇರೆ ಊರಿನವನು. ಅವನಿಗೆ ಅವರ ಮಾತು ಚೆನ್ನಾಗಿಯೇ ಕೇಳಿಸುತ್ತಿತ್ತು. ಕೇಳಿದ, ಆಯಿತು ಎಂಬಂತೆ ಕೈ ಮಾಡಿದ, ಯಂತ್ರದವನಿಗೆ ಸನ್ನೆ ಮಾಡಿದ. ಊರಿನವರು ರಸ್ತೆಯ ಆಚೆ ಸಾಲಾಗಿ ನಿಂತು ನೋಡಿದರು. ಅವರು ಕೆಟ್ಟವರಲ್ಲ, ಅವರಿಗೆ ಏನೂ ಕೇಳಿಸುತ್ತಿರಲಿಲ್ಲ ಎಂದು ನಾನು ಮೊದಲು ಅಂದುಕೊಳ್ಳುತ್ತಿದ್ದೆ. ಗೋಡೆ ಬೀಳುವುದು ಎಲ್ಲರಿಗೂ ಕೇಳಿಸುತ್ತದೆ. ಅಳುವುದೂ ಕೇಳಿಸುತ್ತದೆ.

ನಾನು ರಸ್ತೆ ದಾಟಿ ಹೋಗಿ ಅವರೆದುರು ನಿಂತು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಅವರು ನನ್ನ ಬಾಯಿ ನೋಡಿದರು. ಒಂದು ಹೆಂಗಸು, ಪಾಪ, ನನಗೆ ನೀರು ತಂದುಕೊಟ್ಟಳು. ಓಣಿಯಲ್ಲಿ ಕೂತ ದಿನಗಳಲ್ಲಿ ನಾನು ಒಂದು ದಿನವೂ ಈ ಕಡೆಯ ಕಟ್ಟೆಗಳ ಮೇಲೆ ಕೂತಿರಲಿಲ್ಲ. ಬಾಳೇಶ ಎರಡೂ ಕಡೆ ಕೂರುತ್ತಿದ್ದ. ಒಬ್ಬರಿಂದ ಎರಡೂ ಆಗುವುದಿಲ್ಲ, ಅವನಿಂದಲೂ ಆಗಲಿಲ್ಲ.

ತಂಗೆವ್ವನ ಸಾಮಾನು ಟ್ರ್ಯಾಕ್ಟರಿನ ಡಬ್ಬಿಗೆ ಏರಿಸಿದರು. ಹಂಡೆ, ಕೋಲು, ಒಣಗದ ನೂಲಿನ ಲಡಿಗಳು. ಅವುಗಳ ನಡುವೆ ಅವಳನ್ನು ಕೂರಿಸಿದರು. ನೂಲಿನಿಂದ ನೀಲಿ ಹನಿ ತೊಟ್ಟಿಕ್ಕುತ್ತಿತ್ತು. ನಾನು ಡಬ್ಬಿಯ ಅಂಚು ಹಿಡಿದು ನಿಂತೆ.

"ತಂಗೆವ್ವ, ಅವತ್ತ ಅವರು ಏನಂದ್ರು?"

"ಎಷ್ಟು ಸಲ ಹೇಳ್ಲೆವ್ವಾ ನಿನಗ!" ಎಂದಳು. ಪೂರ್ತಿ ಕೇಳಿಸಿತು. ಒರಟು ದನಿ. ನಾನು ಇಷ್ಟು ದಿನ ಅಂದುಕೊಂಡದ್ದಕ್ಕಿಂತ ಬೇರೆಯದೇ ದನಿ. "ಮಣ್ಣ ಮಾಡಿದ ಮೂರನೇ ದಿನ ಬಂದು ಹೇಳಿದೆ. ಸಭಾದಾಗ ನಿಂತು ಕೂಗಿ ಹೇಳಿದೆ. ಓಣಿಯವರೆಲ್ಲಾ ಬೈದ್ರು ನನಗ, ಸತ್ತವನ ಮಾತು ಹಿಂಗ ಕೂಗ್ತಾರೇನು ಮುದುಕಿ ಅಂತ. ಇಲ್ಲಿ ನೂಲು ತಿರುವಿಕೋತ ದಿನಾ ಹೇಳೇನಿ."

"ಈಗ ಹೇಳ್ರಿ. ಈಗ ಕೇಳಸ್ತೈತಿ."

"ದೊಡ್ಡ ಮಾತೇನಲ್ಲ ನನ್ನವ್ವಾ. 'ಮಂದಾ, ನನ್ನ ಮಾತು ಕೇಳಸಾಕತ್ತೈತೇನು?' ಅಂದ. ಅಷ್ಟ. ಅದನ್ನ ಅಂದ, ಅದನ್ನ ಅಂದ. ನೀನು ತಲಿ ಆಡಿಸಿದಿ."

"ಆಮ್ಯಾಲೆ?"

"ಆಮ್ಯಾಲೆ ಏನೈತಿ? ಕೇಳಸ್ತು ಅಂತ ತಿಳಕೊಂಡ. ಹೋದ."

ಚಾಲಕ ಹತ್ತಿ ಕೂತ. ಟ್ರ್ಯಾಕ್ಟರು ಒಮ್ಮೆ ನಡುಗಿ ಹೊಗೆ ಬಿಟ್ಟಿತು. ನಾನು ಡಬ್ಬಿಯ ಅಂಚು ಬಿಡಲಿಲ್ಲ. ತಂಗೆವ್ವ ನನ್ನ ಬೆರಳುಗಳ ಮೇಲೆ ತನ್ನ ಕೈ ಇಟ್ಟಳು. "ಈಗರ ಕೇಳಸ್ತೇನು ನಿನಗ?"

ನಾನು ತಲೆ ಆಡಿಸಿದೆ.

"ತಲಿ ಆಡಸಬ್ಯಾಡ," ಎಂದಳು. "ಬಾಯಿಬಿಟ್ಟು ಹೇಳು."

"ಕೇಳಿಸ್ತು," ಎಂದೆ.

ಆ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಎಲ್ಲವನ್ನೂ ಮುಚ್ಚಿತ್ತು. ಗಾಡಿ ಮುಂದೆ ಹೋಯಿತು. ನೂಲಿನ ಲಡಿಗಳ ನಡುವಿನಿಂದ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಕೇಳಿಸ್ತು, ತಂಗೆವ್ವ," ಎಂದು ಇನ್ನೊಮ್ಮೆ ಕೂಗಿದೆ. ಅವಳು ತಲೆ ಆಡಿಸಿದಳು.